50 ಪೈಸೆ ಕಾರ್ಡಿನಲ್ಲಿ ಇಂಗ್ಲಿಷ್ ಕಥೆ ಬರೆಸಿದ್ದು

ಡಿಗ್ರಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವವರಿಗೆ ನಮ್ಮ ಕ್ಲಾಸಿನ ವರ್ಣನೆ ಬೇಕಾಗಿಲ್ಲ. ಬಿ.ಎ. ಮೊದಲ ಸೆಮಿಸ್ಟರ್, ಒಂದೇ ಕೋಣೆಯಲ್ಲಿ 70-80 ಮಕ್ಕಳು, ಮುಕ್ಕಾಲು ಪಾಲು ಕನ್ನಡ ಮಾಧ್ಯಮದವರು. ಸಿಲೆಬಸ್ಸಿನಲ್ಲಿ ಕ್ರಿಯೇಟಿವ್ ರೈಟಿಂಗ್ ಅಂತ ಒಂದು ಭಾಗ ಇರುತ್ತದೆ. ಬಜಾರಿನ ಗೈಡಿನಲ್ಲಿ ಅದಕ್ಕೂ ಸಿದ್ಧ ಉತ್ತರ ಇರುತ್ತದೆ. ಪರೀಕ್ಷೆಯಲ್ಲಿ ಎಲ್ಲರದ್ದೂ ಅದೇ ಕಥೆ, ಅದೇ ನೀತಿ. ಈ ಭಾಗವನ್ನು ಪೋಸ್ಟ್ ಕಾರ್ಡಿನಲ್ಲಿ ಬರೆಸುತ್ತೇನೆ ಎಂದಾಗ ಸ್ಟಾಫ್ ರೂಮಿನಲ್ಲಿ ನಕ್ಕವರೇ ಜಾಸ್ತಿ. "ಮೊದಲು ಪೋರ್ಷನ್ ಮುಗಿಸಿ ಮೇಡಂ" ಅಂದರು ಹಿರಿಯರೊಬ್ಬರು. ಈಗ ಅವರೇ "ಕಾರ್ಡ್ ಏನಾದ್ರೂ ಉಳಿದಿದೆಯಾ" ಅಂತ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಇದಕ್ಕೂ ಮೊದಲು ನೆಲಕಚ್ಚಿದ ಪ್ರಯೋಗಗಳು ಬೇಕಾದಷ್ಟಿವೆ. ಲ್ಯಾಂಗ್ವೇಜ್ ಲ್ಯಾಬ್ ಅಂತ ಲಕ್ಷಗಟ್ಟಲೆ ಸುರಿದು ಹತ್ತಿಪ್ಪತ್ತು ಕಂಪ್ಯೂಟರ್ ಹಾಕಿದರು. ಮರುವರ್ಷ ಸಾಫ್ಟ್‌ವೇರಿನ ಲೈಸೆನ್ಸ್ ಮುಗಿಯಿತು, ಹೆಡ್‌ಫೋನ್ ವೈರನ್ನು ಇಲಿ ಕಡಿದವು. ಗ್ರೂಪ್ ವರ್ಕ್ ಮಾಡಿಸೋಣ ಅಂದರೆ ಬೆಂಚು ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿದ್ದಾರೆ. ಡೈರಿ ಬರೆಸಿದೆ. ವಾರಪೂರ್ತಿ "ಐ ವೋಕ್ ಅಪ್, ಐ ಬ್ರಷ್ಡ್ ಮೈ ಟೀತ್" ಬಿಟ್ಟು ಮುಂದೆ ಹೋಗಲೇ ಇಲ್ಲ. ವಾಟ್ಸಾಪ್ ಗ್ರೂಪಿನಲ್ಲಿ ಕಥೆ ಹಾಕಿ ಅಂದಿದ್ದಕ್ಕೆ ಗುಡ್ ಮಾರ್ನಿಂಗ್ ಗುಲಾಬಿಗಳು ಬಂದವು. ಚಾಟ್‌ಜಿಪಿಟಿ ಬಂದ ಮೇಲಂತೂ ಕಥೆಗಳು ಭಾರಿ ಚೆನ್ನಾಗಿ ಬರತೊಡಗಿದವು. ತೊಂದರೆ ಏನೆಂದರೆ, ನಮ್ಮ ತಾಲೂಕಿನ ಹುಡುಗರ ಕಥೆಯಲ್ಲೆಲ್ಲ ಒಂದು ಲೈಟ್‌ಹೌಸ್ ಇರುತ್ತಿತ್ತು. ಸಮುದ್ರ ನಮ್ಮಿಂದ 200 ಕಿಲೋಮೀಟರಿಗೂ ದೂರ.

ಪೋಸ್ಟ್ ಕಾರ್ಡ್ ಈಗಲೂ 50 ಪೈಸೆ. 70 ಮಕ್ಕಳಿಗೆ ಒಂದು ಸುತ್ತಿಗೆ 35 ರೂಪಾಯಿ. ಸೆಮಿಸ್ಟರಿಗೆ ನಾಲ್ಕೈದು ಸುತ್ತು ಹಿಡಿದರೂ 200ರ ಒಳಗೆ ಮುಗಿಯುತ್ತದೆ. ಆದರೆ ಕಾರ್ಡ್ ಸಿಗುವುದೇ ಕಷ್ಟ. ನಮ್ಮ ಊರಿನಲ್ಲಿ ಅಷ್ಟು ಸ್ಟಾಕ್ ಇರಲಿಲ್ಲ, ಜಿಲ್ಲಾ ಕೇಂದ್ರಕ್ಕೆ ಹೋಗಿ ತಂದೆ. ಬಸ್ ಚಾರ್ಜ್ ಕಾರ್ಡಿನ ಬೆಲೆಗಿಂತ ಜಾಸ್ತಿ ಆಯಿತು. ಇನ್ನೂರು ಕಾರ್ಡ್ ಕೇಳಿದ್ದಕ್ಕೆ ಕೌಂಟರಿನಲ್ಲಿದ್ದವರು "ಯಾವ ಚಳವಳಿ ಮೇಡಂ?" ಅಂದರು. ತಪ್ಪೇನಿಲ್ಲ ಬಿಡಿ, ಈಗ ಒಟ್ಟಿಗೆ ಅಷ್ಟು ಕಾರ್ಡ್ ಕೊಳ್ಳುವುದು ಮುಖ್ಯಮಂತ್ರಿಗೆ ಮನವಿ ಕಳಿಸುವವರು ಮಾತ್ರ.

ಮಾಡಿದ್ದಿಷ್ಟು. ಇಬ್ಬಿಬ್ಬರನ್ನು ಜೋಡಿ ಮಾಡಿದೆ. ಒಬ್ಬರು ಕಥೆ ಶುರು ಮಾಡಿ, ಗಂಟು ಬಿದ್ದ ಜಾಗದಲ್ಲಿ ನಿಲ್ಲಿಸಿ, ಇನ್ನೊಬ್ಬರ ಮನೆ ವಿಳಾಸಕ್ಕೆ ನಿಜವಾಗಿಯೂ ಪೋಸ್ಟ್ ಮಾಡಬೇಕು. ಕಾರ್ಡ್ ಸಿಕ್ಕವರು ಮುಂದುವರಿಸಿ ವಾಪಸ್ ಕಳಿಸಬೇಕು. ಕ್ಲಾಸಿನಲ್ಲಿ ಪಕ್ಕದಲ್ಲೇ ಕೂತಿದ್ದರೂ ಕಥೆಯ ಬಗ್ಗೆ ಬಾಯಿ ಬಿಡುವ ಹಾಗಿಲ್ಲ. "ಒನ್ಸ್ ಅಪಾನ್ ಎ ಟೈಮ್" ಮತ್ತು "ಸಡನ್ಲಿ" ಎರಡಕ್ಕೂ ನಿಷೇಧ. ಊರಿನ ಒಂದು ಅಂಗಡಿಯೋ ಕೆರೆಯೋ ರಸ್ತೆಯೋ ಹೆಸರು ಹೇಳಿ ಬರಲೇಬೇಕು. ಲೈಟ್‌ಹೌಸ್ ಕಾಟ ಅಲ್ಲಿಗೆ ನಿಂತಿತು. ಜೋಡಿ ಮಾಡುವುದರಲ್ಲಿ ಒಂದು ಗುಟ್ಟಿದೆ, ಅದನ್ನು ಮಾತ್ರ ಹೇಳಲ್ಲ. ಚೆನ್ನಾಗಿ ಬರೆಯುವವರನ್ನು ಬಾರದವರ ಜೊತೆ ಹಾಕುವುದಂತೂ ಅಲ್ಲ.

ಕಾರ್ಡಿನ ಅಳತೆ 14 ಸೆಂಟಿಮೀಟರಿಗೆ 9. ವಿಳಾಸದ ಭಾಗ ಬಿಟ್ಟು, ಸಣ್ಣಕ್ಷರದಲ್ಲಿ ಬರೆದರೆ 100 ಪದದ ಆಚೀಚೆ ಹಿಡಿಸುತ್ತದೆ. ಪೂರ್ತಿ ಪುಟ ಕಂಡರೆ ಹೆದರುವ ಹುಡುಗ ಇಷ್ಟಕ್ಕೆ ಹೆದರುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು, ನಾನು ಕೊಡುತ್ತಿದ್ದುದು ಒಬ್ಬರಿಗೆ ಒಂದೇ ಕಾರ್ಡ್. ಕೆಡಿಸಿದರೆ ಸ್ವಂತ ದುಡ್ಡಲ್ಲಿ ತರಬೇಕು. 50 ಪೈಸೆ ದೊಡ್ಡದಲ್ಲ, ಪೋಸ್ಟ್ ಆಫೀಸಿಗೆ ಹೋಗುವುದು ಬೇಜಾರು. ಹಾಗಾಗಿ ರಫ್ ಹಾಳೆಯಲ್ಲಿ ಎರಡು ಮೂರು ಸಲ ಬರೆದು, ಜೋಡಿಯಲ್ಲದ ಬೇರೆ ಯಾರಿಗಾದರೂ ತೋರಿಸಿ, ಪದ ಎಣಿಸಿ, ಬೇಡದ್ದನ್ನು ಹೊಡೆದುಹಾಕಿ ಆಮೇಲೆ ಕಾರ್ಡಿಗೆ ಇಳಿಸುತ್ತಿದ್ದರು. ಡ್ರಾಫ್ಟಿಂಗ್, ಎಡಿಟಿಂಗ್ ಅಂತ ನಾನು ಬೋರ್ಡಿನ ಮೇಲೆ ಬರೆದಾಗ ಯಾರೂ ಮಾಡದಿದ್ದ ಕೆಲಸ ಇದು.

ಒಂದು ಕಥೆ ಹೇಳಿಬಿಡುತ್ತೇನೆ. ಒಬ್ಬ ಹುಡುಗಿ ತಮ್ಮ ಎಮ್ಮೆ ಕಳೆದುಹೋಯಿತು, ಕೆರೆ ಏರಿ ಮೇಲೆ ಹುಡುಕಿದೆವು, ಸಿಗಲಿಲ್ಲ ಅಂತ ಬರೆದು ನಿಲ್ಲಿಸಿದ್ದಳು. ಜೋಡಿಯವಳು ಬೇರೆ ಹಳ್ಳಿಯವಳು. ಅವಳ ಕಾರ್ಡ್ ಹೀಗೆ ಶುರುವಾಯಿತು: "ಯುವರ್ ಬಫಲೋ ಈಸ್ ಈಟಿಂಗ್ ಅವರ್ ಬೀನ್ಸ್. ಸೆಂಡ್ ಮನಿ." ಅಲ್ಲಿಂದ ಜಗಳ ಹತ್ತಿಕೊಂಡಿತು. ಮೇವಿನ ಖರ್ಚು ಯಾರದ್ದು, ಅಷ್ಟು ದಿನ ಕರೆದ ಹಾಲು ಯಾರದ್ದು. ಮೂರನೇ ಕಾರ್ಡಿನಲ್ಲಿ ಮೊದಲನೆಯವಳು "ಶಿ ಗೇವ್ ಮಿಲ್ಕ್, ಯು ಡ್ರ್ಯಾಂಕ್ ಇಟ್" ಅಂತ ಬರೆದಳು. ಇದೇ ಹುಡುಗಿ ಟೆಸ್ಟಿನಲ್ಲಿ 'ಡ್ರಿಂಕ್ಡ್' ಅಂತ ಬರೆದವಳು. ಈಗ ಡಿಕ್ಷನರಿ ತೆಗೆದು ನೋಡಿದ್ದಳಂತೆ, ಜಗಳದಲ್ಲಿ ತಪ್ಪು ಇಂಗ್ಲಿಷ್ ಬರೆದರೆ ಮರ್ಯಾದೆ ಹೋಗುತ್ತದೆ ಅಂತ.

ಕಾರ್ಡಿನ ಮೇಲೆ ನಾನು ಕೆಂಪು ಪೆನ್ ಮುಟ್ಟಿಸುವುದಿಲ್ಲ. ಪೋಸ್ಟ್ ಮಾಡುವ ಮೊದಲು ಎಲ್ಲದರ ಫೋಟೋ ತೆಗೆದುಕೊಳ್ಳುತ್ತೇನೆ. ವಾರಕ್ಕೊಮ್ಮೆ, ಜಾಸ್ತಿ ಜನ ಮಾಡಿದ ಎರಡೇ ತಪ್ಪನ್ನು ಹೆಸರು ಹೇಳದೆ ಬೋರ್ಡಿಗೆ ಹಾಕುತ್ತೇನೆ. ಮೊದಲ ಸೆಮಿಸ್ಟರಿನಲ್ಲಿ ಟೆನ್ಸ್ ಬಿಟ್ಟು ಬೇರೆ ಯಾವುದಕ್ಕೂ ಕೈ ಹಾಕಲಿಲ್ಲ. ಆರ್ಟಿಕಲ್, ಪ್ರಿಪೊಸಿಷನ್ ಎಲ್ಲ ಎರಡನೆಯದರಲ್ಲಿ. ಕೆಲವರಿಗೆ ಕಾರ್ಡಿನ ಮೂಲೆಯಲ್ಲಿ ನಾನೇ ಒಂದು ಸಾಲು ಪೆನ್ಸಿಲಿನಲ್ಲಿ ಬರೆದು ಕೊಡುತ್ತೇನೆ. ಆ ಸಾಲು ಯಾವ ಬಗೆಯದು ಅನ್ನುವುದೂ ನನ್ನ ಹತ್ತಿರವೇ ಇರಲಿ.

ಫೋಟೋ ತೆಗೆದದ್ದು ಇನ್ನೊಂದಕ್ಕೂ ಉಪಯೋಗಕ್ಕೆ ಬಂತು. ಮೊದಲ ಸುತ್ತಿನಲ್ಲಿ ಹತ್ತು ಹನ್ನೆರಡು ಕಾರ್ಡ್ ತಲುಪಲೇ ಇಲ್ಲ. ಅರ್ಧ ಮಕ್ಕಳಿಗೆ ತಮ್ಮ ಊರಿನ ಪಿನ್ ಕೋಡೇ ಗೊತ್ತಿರಲಿಲ್ಲ. ಒಬ್ಬ 6ರಿಂದ ಶುರು ಮಾಡಿದ್ದ. ಕರ್ನಾಟಕದ್ದು 56ರಿಂದ 59ರ ಒಳಗೆ ಶುರುವಾಗುತ್ತದೆ, ಅವನ ಕಾರ್ಡ್ ತಮಿಳುನಾಡಿಗೋ ಕೇರಳಕ್ಕೋ ಪ್ರವಾಸ ಹೋಗಿರಬೇಕು. ಇಂಗ್ಲಿಷಿನಲ್ಲಿ ವಿಳಾಸ ಬರೆಯುವುದು ಪಠ್ಯದಲ್ಲಿ ಹೈಸ್ಕೂಲಿನಿಂದ ಇದೆ. ನಿಜವಾಗಿ ಕಲಿತದ್ದು ಈಗ.

ಇನ್ನೊಂದು ತಲೆನೋವು ಬೇರೆ ಥರದ್ದು. ಮಗಳ ಹೆಸರಿಗೆ ಇಂಗ್ಲಿಷಿನಲ್ಲಿ ಕಾರ್ಡ್ ಬಂತು ಅಂತ ಒಬ್ಬರು ತಂದೆ ಕಾಲೇಜಿಗೇ ಬಂದರು. ಕಾರ್ಡ್ ಅಲ್ವಾ, ಮುಚ್ಚುಮರೆ ಇಲ್ಲ, ಪೋಸ್ಟ್‌ಮ್ಯಾನಿನಿಂದ ಹಿಡಿದು ಎಲ್ಲರೂ ಓದಿರುತ್ತಾರೆ. ಅದರಲ್ಲಿದ್ದದ್ದು ಸೈಕಲ್ ಶಾಪಿನ ಕಳ್ಳತನದ ಕಥೆ. ಕೂರಿಸಿ ಕನ್ನಡದಲ್ಲಿ ಹೇಳಿದೆ. ಕೊನೆಗೆ ಅವರು ಕೇಳಿದ್ದು, "ಕಳ್ಳ ಸಿಕ್ಕನಾ?" ಅಂತ. ಅಲ್ಲಿಂದ ಮುಂದೆ, ಮನೆ ವಿಳಾಸ ಬೇಡ ಅನ್ನುವವರು ಕಾಲೇಜಿನ ವಿಳಾಸ ಕೊಡಬಹುದು ಅಂತ ಮಾಡಿದೆ.

"ಕಾರ್ಡ್ ಗೀಚುವುದರಲ್ಲಿ ಸಾಹಿತ್ಯ ಎಲ್ಲಿ ಬಂತು" ಅಂತ ಎಂ.ಎ. ಕ್ಲಾಸಿಗೆ ಪಾಠ ಮಾಡುವ ಗೆಳತಿ ಕೇಳಿದಳು. 1740ರ 'ಪಮೇಲಾ' ಕಾದಂಬರಿ ಪಾಠ ಮಾಡುವವಳೇ ಅವಳು. ಅದನ್ನು ಬರೆದ ಸ್ಯಾಮ್ಯುಯೆಲ್ ರಿಚರ್ಡ್‌ಸನ್ ಲಂಡನ್ನಿನ ಮುದ್ರಕ. ಹಳ್ಳಿ ಕಡೆಯವರಿಗೆ ಮಾದರಿ ಪತ್ರಗಳ ಒಂದು ಕೈಪಿಡಿ ಬರೆದುಕೊಡಿ ಅಂತ ಪುಸ್ತಕ ವ್ಯಾಪಾರಿಗಳು ಕೇಳಿದ್ದರು. ಅದನ್ನು ಬರೆಯುತ್ತಾ ಕೂತಾಗಲೇ ಪತ್ರಗಳಲ್ಲಿ ಸಾಗುವ ಆ ಕಾದಂಬರಿ ಹೊಳೆದದ್ದು. ಇದನ್ನು ಅವಳಿಗೇ ನೆನಪಿಸಿದೆ. ಸುಮ್ಮನಾದಳು.

ನಡುವೆ ಸುಮ್ನೆ ಬೇರೆ ಬೇರೆ ಮಾಡಿ ನೋಡಿದ್ದೂ ಇದೆ. ಎರಡೂವರೆ ರೂಪಾಯಿಯ ಇನ್‌ಲ್ಯಾಂಡ್ ಲೆಟರ್ ಕೊಟ್ಟೆ, ಜಾಗ ಜಾಸ್ತಿಯಾಗಿ ಮತ್ತೆ ಗೈಡಿನ ಭಾಷೆ ನುಗ್ಗಿತು. ಪದ್ಯ ಬರೆಸಿದೆ, ಎಲ್ಲ ಪ್ರಾಸಕ್ಕೆ ಬಿದ್ದು ಎಡವಿದರು. ಒಗಟು ಮಾತ್ರ ಅದ್ಭುತವಾಗಿ ಕೆಲಸ ಮಾಡಿತು. ಮನೆಯಲ್ಲಿ ಅಜ್ಜಿಯನ್ನು ಕೇಳಿ ಒಂದು ಒಗಟನ್ನು ಇಂಗ್ಲಿಷಿಗೆ ತಂದು ಕಳಿಸಬೇಕು, ಸಿಕ್ಕವರು ಕಾರಣ ಸಮೇತ ಉತ್ತರ ಬರೆಯಬೇಕು. ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ ಅನ್ನುವುದಕ್ಕೆ ಒಬ್ಬ ಮಲ್ಲಿಗೆ ಅನ್ನದೆ ಪಾರ್ಥೇನಿಯಂ ಅಂತ ಬರೆದು, ಬಿಕಾಸ್ ಹಾಕಿ ಮೂರು ಕಾರಣ ಕೊಟ್ಟಿದ್ದ. ಪೂರ್ತಿ ಅಂಕ ಕೊಟ್ಟೆ.

ಕೊನೆಗೆ ಆಯ್ದ ಕಾರ್ಡುಗಳ ಪುಸ್ತಕ ಮಾಡಲು ಹೋಗಿ ಕೈ ಸುಟ್ಟುಕೊಂಡೆ. ಪ್ರೆಸ್ಸಿನವರು 100 ಪ್ರತಿಗೆ ಒಂಬತ್ತು ಹತ್ತು ಸಾವಿರ ಹೇಳಿದರು. ಕಾಲೇಜಿನಲ್ಲಿ ಇದಕ್ಕೆ ಖರ್ಚು ಹಾಕಲು ಲೆಕ್ಕದಲ್ಲಿ ಹೆಡ್ ಇಲ್ಲ ಅಂದರು. ಜೆರಾಕ್ಸ್, ಸ್ಪೈರಲ್ ಮಾಡಿಸಿದೆ, ಪ್ರತಿಗೆ 70ರ ಹತ್ತಿರ ಬಿತ್ತು. ಮಕ್ಕಳಿಂದ 30 ತಗೊಂಡೆ, ಉಳಿದದ್ದು ನನ್ನ ಜೇಬಿನಿಂದ. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ಸಮಿತಿ ಬಂದಾಗ ಅದೇ ಸ್ಪೈರಲ್ ಪುಸ್ತಕ ಪ್ರಿನ್ಸಿಪಾಲರ ಮೇಜಿನ ಮೇಲೆ ಎಲ್ಲಕ್ಕಿಂತ ಮುಂದಿತ್ತು ಅನ್ನುವುದನ್ನೂ ಹೇಳಿಬಿಡಬೇಕು.

ಫಲಿತಾಂಶ ಕೇಳುವವರಿಗೆ: ಮೊದಲು ಪರೀಕ್ಷೆಯಲ್ಲಿ ಸ್ವಂತ ಬರವಣಿಗೆಯ ಪ್ರಶ್ನೆಯನ್ನು ಖಾಲಿ ಬಿಡುತ್ತಿದ್ದವರು ಇಪ್ಪತ್ತಕ್ಕೂ ಮೇಲಿದ್ದರು. ಕಳೆದ ಸಲ ನಾಲ್ಕೈದು. ವ್ಯಾಕರಣದ ಅಂಕ ಅಂಥಾ ಏರಿಲ್ಲ, ಸುಳ್ಳು ಹೇಳುವುದಿಲ್ಲ.

ಮಾಡಿ ನೋಡುವವರಿಗೆ ಒಂದೆರಡು ಮಾತು. ಕಾರ್ಡನ್ನು ಜೂನ್‌ನಲ್ಲೇ ಒಟ್ಟಿಗೆ ತಂದಿಟ್ಟುಕೊಳ್ಳಿ. ಹಬ್ಬದ ರಜೆಗೆ ಮುಂಚೆ ಹೊಸ ಸುತ್ತು ಶುರು ಮಾಡಬೇಡಿ, ಕಥೆ ಆರಿಹೋಗುತ್ತದೆ. ಜೆಲ್ ಪೆನ್ ಬೇಡವೇ ಬೇಡ, ಬಾಲ್ ಪೆನ್ನೇ ಆಗಬೇಕು. ಜುಲೈ ಮಳೆಯಲ್ಲಿ ಪೋಸ್ಟ್‌ಮ್ಯಾನ್ ಸೈಕಲ್ಲಿನ ಮೇಲೆ ಬರುತ್ತಾರೆ.