ಪೋಷಕತ್ವದ ಮನವಿ ಹಿಡಿದು ಶಾಸಕರ ಮನೆಗೆ: ನನ್ನ ಅನುಭವ

ಶಾಸಕರ ಹತ್ತಿರ ದತ್ತು ಅಂತ ಬಾಯಿಬಿಟ್ಟರೆ ಮೊದಲು ಬರುವ ಪ್ರಶ್ನೆ, "ಮಗು ಯಾರಿಗೆ ಬೇಕಿತ್ತು?" ಅದಕ್ಕೆ ಅವರನ್ನು ಬೈದು ಫಲವಿಲ್ಲ. ಅವರ ಮನೆ ಮುಂದೆ ನಿಲ್ಲುವ ಜನ ಕೇಳುವುದೇ ಹಾಗೆ. ಪಿಂಚಣಿ ಮಾಡಿಸಿಕೊಡಿ, ಮಗಳಿಗೆ ಹಾಸ್ಟೆಲ್ ಸೀಟು ಕೊಡಿಸಿ ಅನ್ನುವವರ ಸಾಲಿನಲ್ಲೇ ಮಕ್ಕಳಾಗದ ದಂಪತಿಯೂ ನಿಂತು "ಒಂದು ಕೂಸು ಕೊಡಿಸಿ ಸಾಹೇಬ್ರೆ, ಲೆಟರ್ ಕೊಟ್ರೂ ಸಾಕು" ಅನ್ನುತ್ತಾರೆ. ಲೆಟರಿನಿಂದ ಮಗು ಸಿಗುವುದಿಲ್ಲ. ಕೇಂದ್ರ ದತ್ತು ಪ್ರಾಧಿಕಾರದ ಕೇರಿಂಗ್ಸ್ ಪೋರ್ಟಲ್‌ನಲ್ಲಿ ನೋಂದಾಯಿಸಿ ಸರದಿ ಕಾಯಬೇಕು. ಇದನ್ನು ಬಿಡಿಸಿ ಹೇಳುವುದರಲ್ಲೇ ನಮ್ಮ ಎಷ್ಟೋ ಭೇಟಿಗಳ ಅರ್ಧ ಸಮಯ ಹೋಗಿದೆ.

ನಾನು, ನನ್ನ ಗಂಡ ಮಗಳನ್ನು ದತ್ತು ಪಡೆದವರು. ಆ ಓಡಾಟದಲ್ಲಿ ಬಾಲಮಂದಿರಗಳ ಪರಿಚಯವಾಯಿತು. ನಮ್ಮ ಹಾಗೇ ದತ್ತು ಪಡೆದ ಕೆಲವು ಮನೆಯವರು ಸೇರಿ, ಜನಪ್ರತಿನಿಧಿಗಳನ್ನು ಕಂಡು ಮಾತಾಡುವ ಕೆಲಸ ಹಚ್ಚಿಕೊಂಡೆವು.

ನಾವು ಮಾತಾಡಿದ್ದು ಕೂಸುಗಳ ಬಗ್ಗೆ ಅಲ್ಲ, ದೊಡ್ಡ ಮಕ್ಕಳ ಬಗ್ಗೆ. ಬಾಲಮಂದಿರದಲ್ಲಿರುವವರೆಲ್ಲ ಅನಾಥರು ಅಂತ ಹೊರಗಿನವರು ತಿಳಿದಿರುತ್ತಾರೆ. ಹಾಗಿಲ್ಲ. ಎಷ್ಟೋ ಮಕ್ಕಳಿಗೆ ಅಪ್ಪನೋ ಅಮ್ಮನೋ ಎಲ್ಲೋ ಇರುತ್ತಾರೆ, ಬರುವುದಿಲ್ಲ ಅಷ್ಟೇ. ಬಾಗಿಲ ಹತ್ತಿರದ ಮೇಜಿನ ಮೇಲೆ ಭೇಟಿ ಪುಸ್ತಕ ಇಟ್ಟಿರುತ್ತಾರೆ. ತಾರೀಖು, ಬಂದವರ ಹೆಸರು, ಮಗುವಿಗೆ ಏನಾಗಬೇಕು, ಸಹಿ. ಒಂದು ಸಲ ಅದನ್ನು ತಿರುವುತ್ತಿದ್ದೆ. ಹತ್ತಿರ ಬಂದ ಹುಡುಗನೊಬ್ಬ ತಾನೇ ಎರಡು ಹಾಳೆ ಹಿಂದೆ ಹೋಗಿ, "ಇದು ನಮ್ಮಮ್ಮ" ಅಂತ ಹೆಬ್ಬೆಟ್ಟಿನ ಗುರುತು ತೋರಿಸಿದ. ಪಕ್ಕದಲ್ಲಿದ್ದದ್ದು ಹಿಂದಿನ ವರ್ಷದ ಯುಗಾದಿಯ ತಾರೀಖು. ಅವನನ್ನು ದತ್ತು ಕೊಡಲು ಬರುವುದಿಲ್ಲ, ಮನೆಗೆ ಕರೆದೊಯ್ಯುವವರೂ ಇಲ್ಲ. ಇಂಥವರಿಗಾಗಿಯೇ ಬಾಲನ್ಯಾಯ ಕಾಯ್ದೆಯಲ್ಲಿ ಪೋಷಕತ್ವ ಅಂತ ಒಂದು ದಾರಿ ಇದೆ. ಮಗು ಇನ್ನೊಂದು ಮನೆಯಲ್ಲಿ ಬೆಳೆಯುತ್ತದೆ, ಹೆತ್ತವರ ಸಂಬಂಧ ಕಡಿಯುವುದಿಲ್ಲ.

ನಮ್ಮ ಮೊದಲ ಮನವಿ ಪತ್ರದಲ್ಲಿ "ಸಮಗ್ರ ಸುಧಾರಣೆ" ಅಂತೆಲ್ಲ ಇತ್ತು. ಪಿಎ ಒಂದು ಸಾಲು ಓದಿ, "ಅಕ್ಕಾ, ಸಾಹೇಬ್ರು ಇದಕ್ಕೆ ಏನು ಮಾಡ್ಬೇಕು ಅಂತ ಇದ್ರಲ್ಲಿ ಎಲ್ಲಿದೆ?" ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಆಮೇಲೆ ಒಂದೇ ಪುಟ, ಒಂದೇ ಬೇಡಿಕೆ ಅಂತ ಮಾಡಿಕೊಂಡೆವು. ಶಾಸಕರ ಕೈಲಾಗುವುದು ಬೇರೆ, ಸಂಸದರ ಕೈಲಾಗುವುದು ಬೇರೆ. ಹಾಗಾಗಿ ಪುಟವೂ ಬೇರೆ.

ಶಾಸಕರಿಗೆ ಕೊಟ್ಟದ್ದು ಒಂದು ಪ್ರಶ್ನೆಯ ಕರಡು. ಸದನದಲ್ಲಿ ಚುಕ್ಕೆ ಗುರುತಿಲ್ಲದ, ಅಂದರೆ ಬಾಯಿಮಾತಿನ ಉತ್ತರ ಕೇಳದ ಪ್ರಶ್ನೆ ಹಾಕಿದರೂ ಇಲಾಖೆ ಲಿಖಿತ ಉತ್ತರ ಕೊಡಲೇಬೇಕು. ಜಿಲ್ಲೆಯ ಬಾಲಮಂದಿರಗಳಲ್ಲಿ ಒಂದು ವರ್ಷದಿಂದ ಯಾರೂ ನೋಡಲು ಬಾರದ ಮಕ್ಕಳೆಷ್ಟು? ಅವರಲ್ಲಿ ಪೋಷಕತ್ವಕ್ಕೆ ಹೋದವರೆಷ್ಟು? ಅದಕ್ಕೆ ಬಿಡುಗಡೆಯಾದ ಹಣವೆಷ್ಟು? ಇಷ್ಟೇ.

ಶಾಸಕರು ಓದಿ, "ಮೇಡಂ, ಇದು ಕೇಂದ್ರದ ಕಾಯ್ದೆ ಅಲ್ವಾ?" ಅಂದರು. ಈ ಮಾತು ಬಂದೇ ಬರುತ್ತದೆ, ತಯಾರಾಗಿ ಹೋಗಬೇಕು. ದತ್ತು, ಅಪ್ರಾಪ್ತರ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ, ಅಂದರೆ ಕೇಂದ್ರ, ರಾಜ್ಯ ಎರಡಕ್ಕೂ ಸೇರಿದ್ದು. ಕಾಯ್ದೆಯ 44ನೇ ಕಲಂ ಪ್ರಕಾರ ಪೋಷಕತ್ವಕ್ಕೆ ತಿಂಗಳ ಹಣವನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಮೂಲಕ ಕೊಡಬೇಕಾದ್ದು ರಾಜ್ಯ ಸರ್ಕಾರ. ಮಕ್ಕಳ ರಕ್ಷಣೆಗಿರುವ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಅದರಲ್ಲಿ ಕೇಂದ್ರದ ಪಾಲು ಶೇ. 60, ನಮ್ಮದು ಶೇ. 40.

ಎರಡನೇ ಪ್ರಶ್ನೆ ಗಟ್ಟಿಯಾಗಿತ್ತು. "ಯಾರೋ ಕರ್ಕೊಂಡು ಹೋಗಿ ಮನೆಕೆಲಸಕ್ಕೆ ಹಚ್ಚಿದ್ರೆ?" ಕಾಗದದ ಮೇಲೆ ಉತ್ತರ ಇದೆ. ಕರೆದೊಯ್ಯುವವರ ಮನೆಗೆ ಹೋಗಿ ನೋಡಿ ವಿಚಾರಿಸುವ ಮನೆ ಅಧ್ಯಯನ ಆಗದೆ ಮಗುವನ್ನು ಕೊಡುವುದಿಲ್ಲ, ಕೊಟ್ಟ ಮೇಲೆ ಮಕ್ಕಳ ಕಲ್ಯಾಣ ಸಮಿತಿ ಪ್ರತಿ ತಿಂಗಳು ಪರಿಶೀಲಿಸಬೇಕು. ಆದರೆ ಆ ಕೆಲಸಕ್ಕೆ ಜನ ಎಲ್ಲಿದ್ದಾರೆ? ನಮ್ಮಲ್ಲಿ ಅರ್ಧಕ್ಕರ್ಧ ಗುತ್ತಿಗೆ ಸಿಬ್ಬಂದಿ, ಇಡೀ ಜಿಲ್ಲೆ ಅವರ ತಲೆ ಮೇಲೆ. ಇದನ್ನು ಮುಚ್ಚಿಡದೆ ಹೇಳಿದೆ. ಶಾಸಕರು ಪೆನ್ನು ತೆಗೆದು ಕರಡಿನ ಕೆಳಗೆ ತಾವೇ ಸೇರಿಸಿದರು: "ಖಾಲಿ ಇರುವ ಹುದ್ದೆಗಳೆಷ್ಟು?" ನಮ್ಮ ಮೂರು ಪ್ರಶ್ನೆಗಳಿಗಿಂತ ಅದೇ ಜಾಸ್ತಿ ಕೆಲಸಕ್ಕೆ ಬಂತು.

ಹೊರಡುವಾಗ, "ಆ ಮಕ್ಕಳ ಜೊತೆ ಒಂದು ಕಾರ್ಯಕ್ರಮ ಇಡಿ, ಫೋಟೋ ತೆಗೆಸೋಣ" ಅಂದರು. ಆಗಲ್ಲ ಸರ್ ಅಂದೆ. ಮಕ್ಕಳ ಗುರುತು ಬಯಲು ಮಾಡಿದರೆ 74ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಪಿಎ ತಕ್ಷಣ ಬರೆದುಕೊಂಡರು.

ಸಂಸದರ ಹತ್ತಿರ ಮಾತು ಬೇರೆ ದಾರಿ ಹಿಡಿಯಿತು. ಅಲ್ಲಿ ಸಂಸತ್ತಿನದೇ ಕಾಗದ ಮುಂದಿಡಬೇಕು. ಸುಶೀಲ್ ಕುಮಾರ್ ಮೋದಿ ಅಧ್ಯಕ್ಷತೆಯ ಸ್ಥಾಯಿ ಸಮಿತಿ 2022ರ ಆಗಸ್ಟ್‌ನಲ್ಲಿ ಕೊಟ್ಟ ವರದಿ ಇದೆ. ಅದರ ಪ್ರಕಾರ 2021ರ ಡಿಸೆಂಬರ್ ಹೊತ್ತಿಗೆ 27,939 ಮಂದಿ ಮಗುವನ್ನು ದತ್ತು ಪಡೆಯಲು ಕಾಯುತ್ತಿದ್ದರು. ದತ್ತು ಕೊಡಬಹುದಾದ ಮಕ್ಕಳು ಸಂಸ್ಥೆಗಳಲ್ಲಿ 6,996. ಆದರೆ ಕಾನೂನು ಪ್ರಕಾರ ದತ್ತು ಕೊಡಲು ಮುಕ್ತ ಅಂತ ಘೋಷಣೆಯಾದವರು 2,430. ನಡುವಿನ ಮಕ್ಕಳು ಕಾಗದದಲ್ಲಿ ಸಿಕ್ಕಿಕೊಂಡವರು. ಹೆತ್ತವರು ತೊರೆದುಹೋದ ಮಗುವನ್ನು ಹಾಗೆ ಘೋಷಿಸಲು, ಎರಡು ವರ್ಷದೊಳಗಾದರೆ ಎರಡು ತಿಂಗಳು, ದೊಡ್ಡದಾದರೆ ನಾಲ್ಕು ತಿಂಗಳು ಅಂತ 38ನೇ ಕಲಂನಲ್ಲಿ ಗಡುವಿದೆ. ಹೆತ್ತವರಿದ್ದೂ ಭೇಟಿಗೆ ಬಾರದ ಮಗುವಿಗೆ ಆ ಕಲಂನಲ್ಲಿ ಗಡುವಿಲ್ಲ. ಅದಕ್ಕೂ ಒಂದು ಗಡುವು ಬೇಕು ಅನ್ನುವುದೇ ನಮ್ಮ ಬೇಡಿಕೆ.

"ಕಾಯ್ದೆ ಬದಲಾಗೋದು ಅಷ್ಟು ಸುಲಭ ಅಲ್ಲಮ್ಮ" ಅಂದರು ಸಂಸದರು. ಬದಲಾಗಿದೆಯಲ್ಲ ಸರ್ ಅಂದೆ. ಮೊದಲು ದತ್ತು ಆದೇಶಕ್ಕೆ ಕೋರ್ಟಿಗೆ ಹೋಗಬೇಕಿತ್ತು. 2021ರ ತಿದ್ದುಪಡಿಯಿಂದ ಆ ಅಧಿಕಾರ ಜಿಲ್ಲಾಧಿಕಾರಿಗೆ ಬಂತು, 2022ರ ಸೆಪ್ಟೆಂಬರ್ 1ರಿಂದ ಜಾರಿಯಾಯಿತು. 2024ರ ಮಾದರಿ ಮಾರ್ಗಸೂಚಿಯಲ್ಲಿ 35ರಿಂದ 60 ವಯಸ್ಸಿನ ಒಂಟಿ ಜನರಿಗೂ ಪೋಷಕತ್ವಕ್ಕೆ ಅವಕಾಶ ಸಿಕ್ಕಿತು. ಪೋಷಕರಾಗಿ ಎರಡು ವರ್ಷ ಕಳೆದ ಮೇಲೆ ಆ ಮಗುವನ್ನೇ ದತ್ತು ಕೇಳಬಹುದು. ಮೊದಲು ಐದು ವರ್ಷ ಇತ್ತು.

ನಮ್ಮ ಗುಂಪಿನಲ್ಲೇ ಒಂದು ವಿಷಯಕ್ಕೆ ಜಗಳ ಇದೆ. ಬೇಗ ದತ್ತು ಸಿಗಲಿ, ಮನೆ ಅಧ್ಯಯನ ಸರಳ ಮಾಡಿ ಅಂತ ಕೆಲವರು ಪತ್ರದಲ್ಲಿ ಸೇರಿಸಬೇಕು ಅಂದರು. ನಾನು ಸುತರಾಂ ಒಪ್ಪಲಿಲ್ಲ. ಭೇಟಿಗೆ ಬಾರದ ತಾಯಂದಿರಲ್ಲಿ ಬಸ್‌ಚಾರ್ಜಿಗೆ ದುಡ್ಡಿಲ್ಲದವರೂ ಇದ್ದಾರೆ, ದಿನಗೂಲಿ ಬಿಟ್ಟು ಬರಲಾಗದವರೂ ಇದ್ದಾರೆ. ಅಂಥ ಮನೆಗೆ ಮೊದಲು, ಮಗುವನ್ನು ಹೆತ್ತವರೇ ಸಾಕಲು ಸರ್ಕಾರ ಕೊಡುವ ಪ್ರಾಯೋಜಕತ್ವದ ಹಣ ಹೋಗಲಿ, ಅದೂ ತಿಂಗಳಿಗೆ 4,000 ರೂಪಾಯಿಯೇ. ಬಡತನದ ನೆಪ ಹೇಳಿ ಮಗುವನ್ನು ಇನ್ನೊಬ್ಬರ ಮಡಿಲಿಗೆ ಹಾಕುವ ಸುಧಾರಣೆ ನನಗೆ ಬೇಡ. ಕೊನೆಗೆ ಗಡುವಿನ ಬೇಡಿಕೆಯ ಕೆಳಗೆ ಇದನ್ನೂ ಒಂದು ಸಾಲು ಬರೆದೆವು.

ಸದನದ ಉತ್ತರ ಬಂದಾಗ ಪೋಷಕತ್ವದ ಕಾಲಂನಲ್ಲಿ ಇದ್ದದ್ದು ಬೆರಳು ಮಡಚಿ ಎಣಿಸುವಷ್ಟು. ಶಾಸಕರು ಆ ಹಾಳೆಯನ್ನು ಇಲಾಖೆಗಳ ಪ್ರಗತಿ ಪರಿಶೀಲಿಸುವ ತಾಲ್ಲೂಕಿನ ಕೆಡಿಪಿ ಸಭೆಗೆ ಒಯ್ದು ಇಲಾಖೆಯವರನ್ನು ಎದ್ದು ನಿಲ್ಲಿಸಿ ಕೇಳಿದರಂತೆ. ಖಾಲಿ ಹುದ್ದೆಗಳಿಗೆ ಪ್ರಕಟಣೆ ಬಂದಿದೆ. ನಮ್ಮ ಗುಂಪಿನ ಎರಡು ಮನೆಯವರು ಪೋಷಕತ್ವಕ್ಕೆ ಅರ್ಜಿ ಹಾಕಿದ್ದಾರೆ, ಮನೆ ಅಧ್ಯಯನ ನಡೆಯುತ್ತಿದೆ. ಸಂಸದರ ಕಡೆಯಿಂದ ಇನ್ನೂ ಸುದ್ದಿ ಇಲ್ಲ. ಅಧಿವೇಶನಕ್ಕೆ ಮುಂಚೆ ಮತ್ತೆ ಹೋಗಬೇಕು.