ಇಂಗ್ಲೆಂಡಿನ ಗುಡ್ಡಗಳಿಗೆ ನಮ್ಮವರನ್ನು ಕರೆದುಕೊಂಡು ಹೋಗುವುದು ಹೇಗೆ

ಇಂಗ್ಲೆಂಡಿಗೆ ಬಂದು ಹತ್ತು ವರ್ಷವಾದರೂ ಒಂದು ಗುಡ್ಡ ಹತ್ತದ, ಒಂದು ಹೊಲದ ದಾರಿ ತುಳಿಯದ ನಮ್ಮವರು ಎಷ್ಟೋ ಜನ ಇದ್ದಾರೆ. ಯಾಕೆ ಅಂತ ಕೇಳಿದರೆ "ಅದೆಲ್ಲ ಬಿಳಿಯರ ಜಾಗ, ನಾವು ಹೋದರೆ ಗುರಾಯಿಸ್ತಾರೆ" ಅಂತಾರೆ. ಇದು ಬರೀ ಅಂಜಿಕೆಯ ಮಾತಲ್ಲ. ನ್ಯಾಷನಲ್ ಪಾರ್ಕುಗಳಂಥ ಜಾಗಗಳ ಬಗ್ಗೆ 2019ರಲ್ಲಿ ಸರ್ಕಾರ ಮಾಡಿಸಿದ ಗ್ಲೋವರ್ ವರದಿಯೂ ಹೆಚ್ಚುಕಡಿಮೆ ಇದನ್ನೇ ಹೇಳಿತು. ಕಪ್ಪು ಮತ್ತು ಏಷ್ಯನ್ ಸಮುದಾಯದವರ ಕಣ್ಣಿಗೆ ಮಾತ್ರವಲ್ಲ, ಬಿಳಿಯರ ಕಣ್ಣಿಗೂ ಇಲ್ಲಿನ ಹಳ್ಳಿಗಾಡು ಬಿಳಿಯರದ್ದೇ ಅಂತ ಕಾಣುತ್ತದಂತೆ. ಕಾನೂನು ಮಾತ್ರ ಹಾಗೆ ಹೇಳುವುದಿಲ್ಲ. ಅದಕ್ಕೇ ಹೊರಡುವ ಮೊದಲು ನಿಮ್ಮ ಹಕ್ಕು ತಿಳಿದುಕೊಳ್ಳಿ.

ಇಲ್ಲಿ ಫುಟ್‌ಪಾತ್ ಅಂದ್ರೆ ರಸ್ತೆ ಪಕ್ಕದ ಕಲ್ಲುಹಾಸು ಅಲ್ಲ. 'ಪಬ್ಲಿಕ್ ಫುಟ್‌ಪಾತ್' ಅಂತ ಬೋರ್ಡ್ ಇದ್ದರೆ, ಆ ದಾರಿ ಯಾರದೋ ಗೋಧಿ ಹೊಲದ ನಡುವೆಯೇ ಹೋಗಿದ್ದರೂ ನೀವು ಯಾರನ್ನೂ ಕೇಳದೆ ನಡೆಯಬಹುದು. ಹಳದಿ ಬಾಣ ಇದ್ದರೆ ನಡೆಯುವವರ ದಾರಿ, ನೀಲಿ ಇದ್ದರೆ ಕುದುರೆ, ಸೈಕಲ್ಲೂ ಬರುತ್ತವೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಂಥ ದಾರಿಗಳೆಲ್ಲ ಸೇರಿ ಸುಮಾರು 2,25,000 ಕಿ.ಮೀ. ಇವೆ. 2000ದ ಕಾನೂನು ಬಂದ ಮೇಲೆ, ನಕ್ಷೆಯಲ್ಲಿ ಗುರುತು ಮಾಡಿದ ಬೆಟ್ಟ, ಬಯಲುಗಳಲ್ಲಿ ದಾರಿ ಬಿಟ್ಟೂ ಓಡಾಡಬಹುದು. ನ್ಯಾಷನಲ್ ಪಾರ್ಕ್ ಅಂದ ತಕ್ಷಣ ಗೇಟು, ಟಿಕೆಟ್ಟು, ಸಫಾರಿ ಜೀಪು ಅಂತ ಅಂದುಕೊಳ್ಳಬೇಡಿ, ಅದ್ಯಾವುದೂ ಇಲ್ಲ, ಒಳಗೆ ಹೋಗಲು ದುಡ್ಡೂ ಇಲ್ಲ.

ಈ ಹಕ್ಕು ಸುಮ್ನೆ ಬಂದಿದ್ದಲ್ಲ. 1932ರ ಏಪ್ರಿಲ್ 24ರಂದು ನೂರಾರು ಜನ, ಹೆಚ್ಚಿನವರು ಮ್ಯಾಂಚೆಸ್ಟರ್ ಕಡೆಯ ದುಡಿಯುವ ಹುಡುಗರು, ಜಮೀನುದಾರರ ಬೇಟೆಗೆ ಮೀಸಲಿದ್ದ ಕಿಂಡರ್ ಸ್ಕೌಟ್ ಬೆಟ್ಟವನ್ನು ಅಪ್ಪಣೆ ಇಲ್ಲದೆಯೇ ಹತ್ತಿದರು. ಐದು ಜನ ಜೈಲಿಗೆ ಹೋದರು. 1951ರಲ್ಲಿ ಅದೇ ಪ್ರದೇಶ, ಪೀಕ್ ಡಿಸ್ಟ್ರಿಕ್ಟ್, ದೇಶದ ಮೊದಲ ನ್ಯಾಷನಲ್ ಪಾರ್ಕ್ ಆಯಿತು. "ಇದು ನಿಮ್ಮ ಜಾಗ ಅಲ್ಲ" ಅನ್ನಿಸಿಕೊಂಡವರಲ್ಲಿ ನಾವೇ ಮೊದಲಿಗರಲ್ಲ, ಅಲ್ವಾ?

ಈಗ ಹೊರಡುವ ಮಾತು. ಮೊದಲ ಸಲ ಒಬ್ಬರೇ ಬೇಡ, ಆರರಿಂದ ಹತ್ತು ಜನ ಸೇರಿ. ಕಾರು ಇಲ್ಲದವರನ್ನು ಮನಸ್ಸಿನಲ್ಲಿಟ್ಟುಕೊಂಡು ಜಾಗ ಆರಿಸಿ. ಮ್ಯಾಂಚೆಸ್ಟರ್ ಅಥವಾ ಶೆಫೀಲ್ಡ್‌ನಿಂದ ಟ್ರೇನ್ ಹತ್ತಿದರೆ ಈಡೇಲ್‌ನಲ್ಲಿ ಇಳಿದು ನೇರವಾಗಿ ಬೆಟ್ಟದ ಬುಡದಿಂದಲೇ ನಡೆಯಬಹುದು. ಲಂಡನ್ನಿನವರಿಗೆ ಬಾಕ್ಸ್ ಹಿಲ್ ಇದೆ, ಅದಕ್ಕೂ ಸ್ಟೇಷನ್ ಹತ್ತಿರವೇ. ನಾಲ್ಕೈದು ಕಿ.ಮೀ. ಸಾಕು, ಶಿಖರ ಮುಟ್ಟಲೇಬೇಕು ಅಂತೇನಿಲ್ಲ. ಹಿಂದಿನ ವಾರ ನಿಮ್ಮಲ್ಲಿ ಇಬ್ಬರು ಹೋಗಿ ಆ ದಾರಿ ನಡೆದು ಬನ್ನಿ. ಟಾಯ್ಲೆಟ್ ಎಲ್ಲಿದೆ, ಕೂತು ಊಟ ಮಾಡಲು ಜಾಗ ಎಲ್ಲಿದೆ, ನಮಾಜು ಮಾಡುವವರಿದ್ದರೆ ಒಣಗಿದ ಸಮತಟ್ಟು ಎಲ್ಲಿದೆ ಅಂತ ನೋಡಿಕೊಂಡು ಬನ್ನಿ. ಹೆಂಗಸರು, ವಯಸ್ಸಾದವರು ಬರದೇ ಇರುವುದಕ್ಕೆ ಎಷ್ಟೋ ಸಲ ಟಾಯ್ಲೆಟ್ ಒಂದೇ ಕಾರಣ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ.

ದುಬಾರಿ ಬಟ್ಟೆ ಬೇಡ. ಕೆಸರಿನಲ್ಲಿ ಜಾರದ ಶೂ, ಮಳೆ ಕೋಟು, ಒಂದು ಸ್ವೆಟರ್ ಇದ್ದರೆ ಆಯಿತು. ಜೀನ್ಸ್ ಮಾತ್ರ ಹಾಕಬೇಡಿ, ನೆನೆದರೆ ಭಾರ, ಚಳಿ, ಬೇಗ ಒಣಗುವುದೂ ಇಲ್ಲ. ಊಟ ಮನೆಯಿಂದಲೇ ಕಟ್ಟಿಕೊಳ್ಳಿ, ಸಿಪ್ಪೆ ಸಮೇತ ಕಸ ವಾಪಸ್ ತನ್ನಿ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲಾಗುತ್ತದೆ, ಬೇಗ ಹೊರಡಿ.

ಬೇಲಿ ದಾಟುವ ಮೆಟ್ಟಿಲಿಗೆ ಇಲ್ಲಿ ಸ್ಟೈಲ್ ಅಂತಾರೆ. ನಮ್ಮ ಅತ್ತೆ ಮೊದಲ ಸಲ ಅದರ ಮುಂದೆ ನಿಂತು "ನನ್ನಿಂದಾಗಲ್ಲಮ್ಮ" ಅಂದರು. ಬ್ಯಾಗ್ ಇಸಿದುಕೊಂಡು, ಕಂಬ ಹಿಡಿದು ಪಕ್ಕಕ್ಕೆ ತಿರುಗಿ ಒಂದೊಂದೇ ಕಾಲು ಇಡಿ ಅಂತ ಹೇಳಿದೆ. ನೆರಿಗೆ ಎತ್ತಿ ಸಿಕ್ಕಿಸಿಕೊಂಡು ದಾಟಿಯೇಬಿಟ್ಟರು. ಆಚೆ ಬದಿ ತಂತಿಗೆ ಸಿಕ್ಕಿಕೊಂಡಿದ್ದ ಕುರಿ ಉಣ್ಣೆ ಬಿಡಿಸಿಕೊಂಡು, ಬತ್ತಿ ಹೊಸೆಯುವ ಹಾಗೆ ಬೆರಳಲ್ಲಿ ಹೊಸೆಯುತ್ತಾ ಮುಂದೆ ಮುಂದೆ ನಡೆದರು. ಹಿರಿಯರನ್ನು ಅವಸರ ಮಾಡಬೇಡಿ, ಇಷ್ಟೇ ನಾನು ಕೇಳಿಕೊಳ್ಳುವುದು.

ಗೇಟು ತೆರೆದಿದ್ದರೆ ತೆರೆದೇ ಬಿಡಿ, ಮುಚ್ಚಿದ್ದರೆ ಮುಚ್ಚಿ. ಕರು ಜೊತೆಗಿರುವ ಹಸುಗಳಿಂದ ದೂರ ಹೋಗಿ, ನಡುವೆ ನುಗ್ಗಬೇಡಿ. ಮೊಬೈಲ್ ಸಿಗ್ನಲ್ ನಂಬಬೇಡಿ, ಇಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನನ್ಸ್ ಸರ್ವೆಯ 1:25,000 ಕಾಗದದ ನಕ್ಷೆ ಒಂದಿರಲಿ, ಅದರಲ್ಲಿ ಹಸಿರು ಗೀಟುಗಳೇ ನಿಮ್ಮ ದಾರಿ. ಬೆಟ್ಟದಲ್ಲಿ ಯಾರಿಗಾದರೂ ಪೆಟ್ಟಾದರೆ 999ಕ್ಕೆ ಫೋನ್ ಮಾಡಿ, ಮೊದಲು ಪೊಲೀಸ್, ಆಮೇಲೆ ಮೌಂಟನ್ ರೆಸ್ಕ್ಯೂ ಬೇಕು ಅನ್ನಿ. ಬರುವವರು ಸ್ವಯಂಸೇವಕರು, ದುಡ್ಡು ಕೇಳುವುದಿಲ್ಲ.

ಯಾರಾದರೂ ಕೆಟ್ಟದಾಗಿ ಮಾತಾಡಿದರೆ? ಆಗಬಹುದು, ಮುಚ್ಚಿಡುವುದಿಲ್ಲ. 2021ರ ಕ್ರಿಸ್‌ಮಸ್ ದಿನ ಮುಸ್ಲಿಂ ಹೈಕರ್ಸ್ ಗುಂಪಿನ ನೂರಕ್ಕೂ ಹೆಚ್ಚು ಜನ ಪೀಕ್ ಡಿಸ್ಟ್ರಿಕ್ಟ್‌ನಲ್ಲಿ ನಡೆದಾಗ, ಫೋಟೋ ನೋಡಿದವರು ಆನ್‌ಲೈನಿನಲ್ಲಿ ಜನಾಂಗೀಯವಾಗಿ ಬೈದರು. ಅವರು ನಡೆಯುವುದು ಬಿಡಲಿಲ್ಲ. ನೀವು ಜಗಳಕ್ಕೆ ನಿಲ್ಲಬೇಡಿ, ಗುಂಪು ಒಡೆಯಬೇಡಿ, ಜಾಗ ಮತ್ತು ಸಮಯ ಬರೆದಿಟ್ಟುಕೊಂಡು 101ಕ್ಕೆ (ತುರ್ತಲ್ಲದ ವಿಷಯಕ್ಕಿರುವ ಪೊಲೀಸ್ ನಂಬರ್) ದೂರು ಕೊಡಿ, ಅಪಾಯ ಅನ್ನಿಸಿದರೆ 999. ಆದರೆ ದಾರಿಯಲ್ಲಿ ಎದುರಾಗುವವರು ಹೆಚ್ಚಿನಂಶ "ಮಾರ್ನಿಂಗ್" ಅಂತ ಹೇಳಿಯೇ ಹೋಗುತ್ತಾರೆ. ನೀವೂ ಹೇಳಿ, ಅಲ್ಲಿನ ರೂಢಿ ಅದು.

ಎರಡನೇ ಸಲ ನಕ್ಷೆಯನ್ನು ಇನ್ನೊಬ್ಬರ ಕೈಗೆ ಕೊಡಿ, ಮನೆಯಿಂದ ಜಾಸ್ತಿ ಹೊರಗೆ ಬರದವರ ಕೈಗೇ ಕೊಡಿ. ದಾರಿ ತಪ್ಪಿದರೂ ನೀವು ಹಿಂದೆಯೇ ಇರುತ್ತೀರಲ್ಲ.