ಜೀಪಿನ ಆಕ್ಸಲ್‌ಗೆ ಬ್ರಾಕೆಟ್ ಬೆಸೆದ ನನ್ನ ಅನುಭವ

ಜೀಪಿನ ಆಕ್ಸಲನ್ನು ಚಾಸಿಗೆ ಹಿಡಿದಿಡುವ ಸರಳುಗಳಿಗೆ ಲಿಂಕ್ ಎನ್ನುತ್ತಾರೆ. ಅವುಗಳಲ್ಲಿ ಕೆಳಗಿನ ಎರಡರ ಬ್ರಾಕೆಟ್‌ಗಳನ್ನು ಒಂದೇ ಮಧ್ಯಾಹ್ನದಲ್ಲಿ ಆಕ್ಸಲ್‌ಗೆ ಬೆಸೆದು ಮುಗಿಸಿದ್ದೆ. ಮರುದಿನ ಬೆಳಿಗ್ಗೆ ಆಕ್ಸಲ್‌ನ ಎರಡು ತುದಿಯ ಫ್ಲಾಂಜ್‌ಗಳಿಗೂ (ಚಪ್ಪಟೆ ಬಿಲ್ಲೆಗಳಿಗೂ) 600 ಮಿ.ಮೀ. ಉದ್ದದ ನೇರ ಪಟ್ಟಿಗಳನ್ನು ನಟ್ಟನಡುವೆ ಬೋಲ್ಟ್ ಮಾಡಿ, ಪಟ್ಟಿಗಳ ಮುಂದಿನ ತುದಿಗಳ ನಡುವೆ ಒಮ್ಮೆ, ಹಿಂದಿನ ತುದಿಗಳ ನಡುವೆ ಒಮ್ಮೆ ಟೇಪು ಹಿಡಿದೆ. ಬೆಸುಗೆಗೆ ಮೊದಲು ಎರಡೂ ಅಳತೆ ಒಂದೇ ಇತ್ತು. ಈಗ ಮುಂದಿನದು 5 ಮಿ.ಮೀ. ಕಡಿಮೆ. ಆಕ್ಸಲ್‌ನ ಗಟ್ಟಿ ಉಕ್ಕಿನ ಟ್ಯೂಬ್ ಬಿಲ್ಲಿನಂತೆ ಬಾಗಿ, ತುದಿಗಳು ಮುಂದಕ್ಕೆ ಬಂದಿದ್ದವು.

ಇದು ಸಕಲೇಶಪುರದ ಕಡೆಯ ಕಾಫಿ ತೋಟದಲ್ಲಿ ದುಡಿದ ಹಳೆಯ ಮಹೀಂದ್ರ ಜೀಪಿನ ಹಿಂದಿನ ಆಕ್ಸಲ್. ಮಳೆಗಾಲದ ಜಾರುಮಣ್ಣಿನ ಏರಿನಲ್ಲಿ ಗಾಲಿಗೆ ಬಲ ಬಿದ್ದಾಗ ಲೀಫ್ ಸ್ಪ್ರಿಂಗ್ ತಿರುಚಿಕೊಂಡು ಆಕ್ಸಲ್ ಕುಣಿಯುತ್ತಿತ್ತು. ಆ ಕುಣಿತಕ್ಕೆ ಒಮ್ಮೆ ಪ್ರೊಪೆಲ್ಲರ್ ಶಾಫ್ಟಿನ (ಎಂಜಿನ್ ಬಲವನ್ನು ಆಕ್ಸಲ್‌ಗೆ ಒಯ್ಯುವ ಉದ್ದ ದಂಡದ) ಕೀಲಾದ ಯೂನಿವರ್ಸಲ್ ಜಾಯಿಂಟ್ ಕೂಡ ಮುರಿದಿತ್ತು. ಅದಕ್ಕಾಗಿ ಲೀಫ್ ಸ್ಪ್ರಿಂಗ್‌ಗಳನ್ನು ತೆಗೆದು ಕಾಯಿಲ್ ಸ್ಪ್ರಿಂಗ್ ಹಾಕಿ, ನಾಲ್ಕು ಲಿಂಕ್‌ಗಳಿಂದ ಆಕ್ಸಲ್ ಹಿಡಿದಿಡುವುದೆಂದು ತೀರ್ಮಾನಿಸಿದೆ: ಕೆಳಗೆ ಎರಡು, ಮೇಲೆ ಎರಡು. ಮೇಲಿನವೆರಡು ಓರೆಯಾಗಿ ಡಿಫರೆನ್ಷಿಯಲ್ (ಆಕ್ಸಲ್ ನಡುವಿನ ಗೇರುಗಳ ಉಬ್ಬು ಪೆಟ್ಟಿಗೆ) ನೆತ್ತಿಯ ಬಳಿ ಸೇರುವುದರಿಂದ ಆಕ್ಸಲ್ ಪಕ್ಕಕ್ಕೂ ಸರಿಯುವುದಿಲ್ಲ. ಒಂದು ಮಾತನ್ನು ಮೊದಲೇ ಹೇಳಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮತ್ತು 2019ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಇಂಥ ಮಾರ್ಪಾಡು ಮಾಡಿದ ಗಾಡಿಯನ್ನು ರಸ್ತೆಗೆ ಇಳಿಸುವಂತಿಲ್ಲ. ನನ್ನ ಜೀಪು ತೋಟದೊಳಗೆ ಓಡುತ್ತದೆ, ಸ್ಪರ್ಧೆಗೆ ಲಾರಿಯ ಮೇಲೆ ಹೋಗುತ್ತದೆ.

ಬ್ರಾಕೆಟ್‌ನ ಆಕಾರವನ್ನು ಹಳೆಯ ಮದುವೆ ಕರೆಯೋಲೆಗಳ ದಪ್ಪ ಕಾಗದದಲ್ಲಿ ಕತ್ತರಿಸಿ ನೋಡಿದೆ. ಟ್ಯೂಬಿನ ಬಣ್ಣ, ತುಕ್ಕು ಎಲ್ಲವನ್ನೂ ಗ್ರೈಂಡರ್‌ನಿಂದ ತೆಗೆದು ಹೊಳೆಯುವ ಲೋಹಕ್ಕೆ ಬಂದ ಮೇಲೆಯೇ ವರ್ನಿಯರ್ ಹಿಡಿದು ವ್ಯಾಸ ಅಳೆದೆ. ಬಣ್ಣದ ಮೇಲಿನ ಅಳತೆಯನ್ನು ನಂಬಿ ಅರ್ಧಚಂದ್ರ ಕತ್ತರಿಸಿದರೆ ಸಂದು ಉಳಿಯುತ್ತದೆ, ಆ ಸಂದನ್ನು ರಾಡಿನಿಂದ ತುಂಬಲು ಹೋದಷ್ಟೂ ಶಾಖ ಹೆಚ್ಚುತ್ತದೆ. ಸಂದು ಒಂದು ಮಿ.ಮೀ. ಒಳಗೆ ಬರುವವರೆಗೂ ಅರದಿಂದ ಉಜ್ಜಿದೆ. ತಗಡು 6 ಮಿ.ಮೀ. ಮೈಲ್ಡ್ ಸ್ಟೀಲ್. ಒಂದು ಬ್ರಾಕೆಟ್‌ನ ಎರಡು ಕಿವಿಗಳನ್ನು (ಬೋಲ್ಟ್ ಹಿಡಿಯುವ ಪಕ್ಕದ ತಗಡುಗಳನ್ನು) ಒಟ್ಟಿಗೆ ಬಿಗಿದು ಒಂದೇ ಸಲ ಡ್ರಿಲ್ ಮಾಡಿದೆ, ಬೋಲ್ಟ್ ಓರೆಯಾಗಬಾರದಲ್ಲ. ಗ್ಯಾಸ್ ಕಟರ್‌ನಲ್ಲಿ ತೂತು ಹಾಕುವುದನ್ನು ನಾನು ಒಪ್ಪುವುದಿಲ್ಲ. ಆ ತೂತಿನಲ್ಲಿ ಬೋಲ್ಟ್ ಅಲುಗುತ್ತದೆ, ಅಲುಗಿದ ಬೋಲ್ಟ್ ತೂತನ್ನು ಮೊಟ್ಟೆಯಾಕಾರಕ್ಕೆ ತಿನ್ನುತ್ತದೆ.

ಬೆಸೆದ ಮೇಲೆ ಕಿವಿಗಳು ಒಳಕ್ಕೆ ಎಳೆದುಕೊಳ್ಳುತ್ತವೆ, ಲಿಂಕ್‌ನ ತುದಿಯ ರಬ್ಬರ್ ಬುಷ್ ಅವುಗಳ ನಡುವೆ ಹೋಗುವುದೇ ಇಲ್ಲ. ಪಕ್ಕದ ಲೇತ್‌ನ ಹಿರಿಯರಿಂದ ಬುಷ್‌ಗಿಂತ ಅರ್ಧ ಮಿ.ಮೀ. ಹೆಚ್ಚು ಅಗಲದ ಉಕ್ಕಿನ ತುಂಡುಗಳನ್ನು ಮಾಡಿಸಿ, ನಡುವೆ ಇಟ್ಟು ಬೋಲ್ಟ್ ಬಿಗಿದುಕೊಂಡು ಬೆಸೆದೆ. ರಬ್ಬರ್ ಬುಷ್ ಇಟ್ಟು ಬೆಸೆದರೆ ಅದು ಸುಟ್ಟುಹೋಗುತ್ತದೆ.

ಆಕ್ಸಲ್‌ನ ಕೋನವನ್ನು ಗೊತ್ತುಮಾಡುವಾಗ ಜೀಪು ನಿಜವಾಗಿ ನಿಲ್ಲುವ ಎತ್ತರದಲ್ಲೇ ಚಾಸಿ ಇರಬೇಕು. ಸ್ಟ್ಯಾಂಡ್‌ಗಳ ಮೇಲೆ ಆ ಎತ್ತರಕ್ಕೆ ನಿಲ್ಲಿಸಿ, ರಸಮಟ್ಟದಿಂದ ಚಾಸಿಯನ್ನು ಸಮ ಮಾಡಿ, ಟ್ರಾನ್ಸ್‌ಫರ್ ಕೇಸಿನ (ಬಲವನ್ನು ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಪೆಟ್ಟಿಗೆಯ) ಹೊರಬರುವ ಶಾಫ್ಟ್‌ಗೂ ಡಿಫರೆನ್ಷಿಯಲ್‌ಗೆ ಬಲ ಒಳಹೋಗುವ ಪಿನಿಯನ್ ಶಾಫ್ಟ್‌ಗೂ ಕೋನಮಾಪಕ ಹಿಡಿದೆ. ಎರಡು ಕಡೆಯೂ ಒಂದೊಂದೇ ಜಾಯಿಂಟ್ ಇರುವ ಪ್ರೊಪೆಲ್ಲರ್ ಶಾಫ್ಟ್‌ಗೆ ಇವೆರಡೂ ಸಮಾಂತರವಾಗಿರಬೇಕು. ಇಲ್ಲದಿದ್ದರೆ ವೇಗ ಏರಿದಂತೆ ಗಾಡಿ ನಡುಗುತ್ತದೆ. ಬಲ ಬಿದ್ದಾಗ ಪಿನಿಯನ್ ಮೂತಿ ಮೇಲೇಳುವುದರಿಂದ ಒಂದು ಡಿಗ್ರಿ ತಗ್ಗಿಸಿ ಟ್ಯಾಕ್ (ತಾತ್ಕಾಲಿಕ ಚುಕ್ಕೆ ಬೆಸುಗೆ) ಹಾಕಿದೆ. ಕೆಳಗಿನ ಬ್ರಾಕೆಟ್‌ಗಳನ್ನು ಟ್ಯೂಬಿನ ಅಡಿಗೆ ಇಳಿಬಿಡದೆ ಮುಂಭಾಗಕ್ಕೆ ಕೂರಿಸಿದೆ, ಇಳಿಬಿಟ್ಟರೆ ಬಂಡೆಗೆ ಮೊದಲು ಬಡಿಯುವುದು ಅವೇ ಆದ್ದರಿಂದ.

ಬಾಗಿದ್ದೂ ಆ ಕಾರಣಕ್ಕೇ. ಎಲ್ಲ ಬೆಸುಗೆಯೂ ಮುಂಭಾಗದಲ್ಲಿ ಬಿತ್ತು. ಬೆಸುಗೆ ತಣ್ಣಗಾಗುವಾಗ ಕುಗ್ಗುತ್ತದೆ, ಕುಗ್ಗಿದ ಕಡೆಗೆ ಟ್ಯೂಬನ್ನು ಎಳೆಯುತ್ತದೆ. ನಾನು ಒಂದು ಬ್ರಾಕೆಟ್ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದ್ದೆ. ಹಾಗೇ ಬಿಟ್ಟಿದ್ದರೆ ಟೈರ್ ಸವೆಯುವುದಲ್ಲದೆ ಶಾಫ್ಟ್ ಓರೆಯಾಗಿ ತಿರುಗಿ ಬೇರಿಂಗ್, ಆಯಿಲ್ ಸೀಲ್ ಎರಡೂ ಹೋಗುತ್ತಿದ್ದವು. ಜಾಕ್ ಕೊಟ್ಟು ಒತ್ತುವ ಯೋಚನೆಯಲ್ಲಿದ್ದಾಗ ಲೇತ್‌ನ ಹಿರಿಯರು ತಡೆದರು. "ಶಾಖದಿಂದ ಬಾಗಿದ್ದು ಶಾಖದಿಂದಲೇ ಬರುತ್ತದೆ ಕಣಪ್ಪ, ಆತುರ ಮಾಡಬೇಡ" ಎಂದರು. ಬ್ರಾಕೆಟ್‌ನ ನೇರ ಹಿಂಬದಿಯಲ್ಲಿ, ಟ್ಯೂಬಿನ ಮೇಲೆ ಹೆಬ್ಬೆರಳಷ್ಟು ಅಗಲದ ಒಂದು ಪಟ್ಟೆಯನ್ನು ಗ್ಯಾಸ್ ಜ್ವಾಲೆಯಲ್ಲಿ ಮಬ್ಬುಗೆಂಪಾಗುವವರೆಗೆ ಕಾಯಿಸಿ ಬಿಟ್ಟೆವು. ನೀರು ಹಾಕಲಿಲ್ಲ, ತಾನಾಗಿಯೇ ಆರಲಿ ಎಂದು ಕಾದೆವು. ಒಂದು ಗಂಟೆಯ ನಂತರ ವ್ಯತ್ಯಾಸ 3 ಮಿ.ಮೀ.ಗೆ ಇಳಿದಿತ್ತು. ಇನ್ನೊಂದು ಕಡೆಯೂ ಹಾಗೆಯೇ ಮಾಡಿ 1 ಮಿ.ಮೀ.ಗೆ ತಂದೆವು. ಆ ಟೇಪಿನ ಗೆರೆ ಸರಿದದ್ದನ್ನು ಕಣ್ಣಾರೆ ಕಂಡಾಗ ಆದ ಸಂತೋಷ ಇನ್ನೂ ಮರೆತಿಲ್ಲ.

ಮೇಲಿನ ಲಿಂಕ್‌ಗಳಿಗೆ ಟ್ಯೂಬಿನಿಂದ ಟ್ಯೂಬಿಗೆ ಡಿಫರೆನ್ಷಿಯಲ್ ದಾಟುವ ಸೇತುವೆಯೊಂದು ಬೇಕಿತ್ತು. ಈ ಸಲ ಎರಡು ದಿನ ತೆಗೆದುಕೊಂಡೆ. ಬೆಸುಗೆ ಮೇಲ್ಭಾಗದಲ್ಲಿ ಬೀಳುವುದರಿಂದ ತುದಿಗಳು ಮೇಲಕ್ಕೆದ್ದೇ ಏಳುತ್ತವೆ ಎಂದು ಗೊತ್ತಿತ್ತು. ಆಕ್ಸಲನ್ನು ದಪ್ಪ ಚಾನೆಲ್‌ಗೆ ಕಟ್ಟಿ, ನಡುವೆ 3 ಮಿ.ಮೀ. ಪ್ಯಾಕಿಂಗ್ ಕೊಟ್ಟು ತುದಿಗಳನ್ನು ಕೆಳಕ್ಕೆ ಬಿಗಿದೆ. ಎಡಕ್ಕೆ ಒಂದು ಇಂಚು, ಬಲಕ್ಕೆ ಒಂದು ಇಂಚು, ಆಮೇಲೆ ಕೈಯಿಟ್ಟು ತಾಳಿಕೊಳ್ಳುವಷ್ಟು ತಣ್ಣಗಾಗುವವರೆಗೆ ಸುಮ್ಮನೆ ಕೂರುವುದು. ಬೆಸುಗೆಯ ರಾಡ್ 3.15 ಮಿ.ಮೀ. ದಪ್ಪದ, 7018 ಎಂಬ ದರ್ಜೆಯದು; ಕರೆಂಟು ಡಿಸಿ, 115 ಆಂಪಿಯರ್ ಆಸುಪಾಸು. ಮಲೆನಾಡಿನ ಗಾಳಿಯಲ್ಲಿ ಈ ರಾಡ್ ತೇವ ಹೀರುತ್ತದೆ, ತೇವದ ರಾಡ್ ಬೆಸುಗೆಯೊಳಗೆ ಬಿರುಕು ಬಿತ್ತುತ್ತದೆ. ಓವನ್‌ನಲ್ಲಿ 300 ಡಿಗ್ರಿ ದಾಟಿಸಿ ಒಣಗಿಸಿ, ಬಿಸಿಯಿರುವಾಗಲೇ ಬಳಸಿದೆ. ಅರ್ತ್ ಕ್ಲಾಂಪ್ ಬೆಸೆಯುವ ತುಂಡಿನ ಮೇಲೆಯೇ ಇರಬೇಕು. ಕರೆಂಟು ಬೇರಿಂಗ್ ದಾಟಿ ಹೋದರೆ ಅದರ ಗುಂಡುಗಳಲ್ಲಿ ಕುಳಿ ಬೀಳುತ್ತದೆ. ನಾನು ಶಾಫ್ಟ್, ಬೇರಿಂಗ್, ಸೀಲ್, ಎಣ್ಣೆ ಎಲ್ಲವನ್ನೂ ಮೊದಲೇ ತೆಗೆದಿದ್ದೆ.

ಡಿಫರೆನ್ಷಿಯಲ್ ಹೊಟ್ಟೆ ಎರಕದ ಕಬ್ಬಿಣದ್ದು. ಗ್ರೈಂಡರ್ ತಾಗಿಸಿದರೆ ಟ್ಯೂಬಿನಿಂದ ಉದ್ದನೆಯ ಹಳದಿ ಕಿಡಿ ಹಾರುತ್ತದೆ, ಎರಕದಿಂದ ಗಿಡ್ಡ ಕೆಂಪು ಕಿಡಿ. ಅಲ್ಲಿ ಪ್ರಯೋಗಕ್ಕೆಂದು 7018ರಿಂದಲೇ ಒಂದು ಚಿಕ್ಕ ಬೆಸುಗೆ ಹಾಕಿದ್ದೆ. ಚಹಾ ಕುಡಿಯಲು ಕೂತಾಗ "ಟಿಣ್" ಎಂಬ ಶಬ್ದ ಕೇಳಿತು. ಎದ್ದು ನೋಡಿದರೆ ಬೆಸುಗೆಯ ಅಂಚಿನಲ್ಲಿ ಕೂದಲೆಳೆಯ ಬಿರುಕು. ಅದನ್ನು ಪೂರ್ತಿ ಕೆರೆದು ತೆಗೆದು, ಆ ಭಾಗವನ್ನು ಸುಮಾರು 250 ಡಿಗ್ರಿಗೆ ಕಾಯಿಸಿ, ನಿಕಲ್ ರಾಡಿನಲ್ಲಿ ಒಂದೊಂದು ಇಂಚು ಹಾಕಿದೆ. ಪ್ರತಿ ತುಂಡೂ ಬಿಸಿಯಿರುವಾಗಲೇ ಗುಂಡುತಲೆಯ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ. ಮುಗಿದ ಮೇಲೆ ಒಲೆಯ ಒಣ ಬೂದಿಯನ್ನು ರಾಶಿ ಸುರಿದು ಗೋಣಿಚೀಲ ಮುಚ್ಚಿದೆ. ಮರುದಿನ ಬೆಳಿಗ್ಗೆ ಬೂದಿಯೊಳಗೆ ಕೈ ಹಾಕಿದಾಗ ಕಬ್ಬಿಣ ಇನ್ನೂ ಬೆಚ್ಚಗಿತ್ತು. ಬಿರುಕು ಇರಲಿಲ್ಲ.

ಒಂದು ಮಳೆಗಾಲ ಕಳೆದ ಮೇಲೆ ಬಿರುಕು ಕಾಣಲೆಂದು ಎಲ್ಲ ಬೆಸುಗೆಗಳಿಗೂ ಬಿರುಕಿನೊಳಗೆ ಇಳಿಯುವ ಕೆಂಪು ಡೈ ಹಚ್ಚಿ, ಒರೆಸಿ, ಇಳಿದ ಬಣ್ಣವನ್ನು ಹೊರಗೆಳೆಯುವ ಬಿಳಿ ಡೆವಲಪರ್ ಸಿಂಪಡಿಸಿದೆ. ಬಲಗಡೆಯ ಕೆಳಬ್ರಾಕೆಟ್‌ನ ಅಡಿತುದಿಯಲ್ಲಿ ಮಾತ್ರ ಅಕ್ಕಿಕಾಳಿನಷ್ಟು ಕೆಂಪು ಗೆರೆ ಮೂಡಿತು. ಟ್ಯೂಬಿನ ತಳಭಾಗಕ್ಕೇ ಹೊರೆಯ ಎಳೆತ ಹೆಚ್ಚು, ನನ್ನ ಬೆಸುಗೆ ಸರಿಯಾಗಿ ಅಲ್ಲಿಯೇ, ಟ್ಯೂಬಿಗೆ ಅಡ್ಡಲಾಗಿ ಕೊನೆಯಾಗಿತ್ತು. ಆ ಗೆರೆಯನ್ನು ಕೆರೆದು ತೆಗೆದು, ಬ್ರಾಕೆಟ್‌ನ ತುದಿಯನ್ನು ಕತ್ತರಿಸಿ ಮೇಲಕ್ಕೆ ಸರಿಸಿ, ತಳಕ್ಕೆ ಬೆಸುಗೆ ತಾಗದಂತೆ ಮತ್ತೆ ಹಾಕಿದೆ. ಎಡಗಡೆಯದರಲ್ಲಿ ಗೆರೆ ಇರಲಿಲ್ಲ. ಅದನ್ನೂ ಹಾಗೆಯೇ ಬದಲಾಯಿಸಿದೆ.